ಒಂದು ಸಾಲು ಅಂದರೆ ಏನು? ಡೇಟಾಬೇಸ್ ಕಲಿಯುವವರ ಪತ್ರಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಡಿಬಿಎಂಎಸ್ ಬಗ್ಗೆ, ಅಂದರೆ ಮಾಹಿತಿಯನ್ನು ಟೇಬಲುಗಳಲ್ಲಿ ಜೋಡಿಸಿಡುವ ಡೇಟಾಬೇಸ್ ವಿಷಯದ ಬಗ್ಗೆ. ಮಿನಿ ಪ್ರಾಜೆಕ್ಟ್ ಕೊಡುವ ದಿನ ಹತ್ತಿರ ಬಂದಿದೆ ಅಂತ ಕಾಣುತ್ತದೆ. ಉಡುಪಿಯ ಡಿಗ್ರಿ ಕಾಲೇಜೊಂದರಲ್ಲಿ ನಾನು 22 ವರ್ಷದಿಂದ ಇದೇ ವಿಷಯ ಪಾಠ ಮಾಡುತ್ತಿದ್ದೇನೆ. ಹಾಗಾಗಿ ಈ ಸಂಚಿಕೆಯ ಪುಟ ಪೂರ್ತಿ ಇದಕ್ಕೇ ಮೀಸಲು. ಮಕ್ಕಳಿಗೆ ಲ್ಯಾಬಿನಲ್ಲಿ ಮಾತಾಡಿದ ಹಾಗೆ ಏಕವಚನದಲ್ಲೇ ಬರೆದಿದ್ದೇನೆ, ಬೇಸರ ಮಾಡಬೇಡಿ.

ಪ್ರಶ್ನೆ: ಮೇಡಂ, ನಾನು ಬಿಸಿಎ ಎರಡನೇ ವರ್ಷ. ನಮ್ಮ ಮಾವ ಒಂದು ಯಕ್ಷಗಾನ ಮೇಳದ ಮ್ಯಾನೇಜರ್. ಅವರ ಡೈರಿ ನೋಡಿ ಮಿನಿ ಪ್ರಾಜೆಕ್ಟಿಗೆ ಮೇಳದ ಡೇಟಾಬೇಸ್ ಮಾಡಿದೆ. ತಾರೀಕು, ಊರು, ಸೇವಾಕರ್ತರ (ಆಟ ಆಡಿಸುವವರ) ಹೆಸರು, ಅವರ ಫೋನ್, ಪ್ರಸಂಗ, ಆಮೇಲೆ ಕಲಾವಿದ-1ರಿಂದ ಕಲಾವಿದ-15ರ ತನಕ, ಎಲ್ಲ ಒಂದೇ ಟೇಬಲ್. ಗೈಡ್ ಸರ್ ನೋಡಿ 'ನಾರ್ಮಲೈಸ್ ಮಾಡಿ ತಾ' ಅಂದರು. ಫಸ್ಟ್, ಸೆಕೆಂಡ್, ಥರ್ಡ್ ನಾರ್ಮಲ್ ಫಾರ್ಮ್ ಮೂರೂ ನನಗೆ ಬಾಯಿಪಾಠ ಬರುತ್ತದೆ. ನನ್ನ ಟೇಬಲ್ ಎದುರು ಕೂತರೆ ಮಾತ್ರ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುವುದಿಲ್ಲ.
— ವಿದ್ಯಾರ್ಥಿನಿ, ಮೂಲ್ಕಿ

ಉತ್ತರ: ನಿನ್ನ ಪತ್ರದಲ್ಲಿ ನನಗೆ ಖುಷಿ ಕೊಟ್ಟದ್ದು ಆ ಡೈರಿ. ಹೆಚ್ಚಿನವರು ಎಲ್ಲಿಂದಲೋ ಒಂದು ಲೈಬ್ರರಿ ಪ್ರಾಜೆಕ್ಟ್ ಇಳಿಸಿಕೊಂಡು, ಹೆಸರು ಬದಲಿಸಿ ತರುತ್ತಾರೆ. ನಿನ್ನ ಹತ್ತಿರ ನಿಜವಾದ ಕೆಲಸದ ನಿಜವಾದ ಪುಸ್ತಕ ಇದೆ. ಅದನ್ನು ಗಟ್ಟಿಯಾಗಿ ಹಿಡಿದುಕೋ.

ನಾರ್ಮಲೈಸ್ ಅಂದರೆ ಒಂದೇ ಮಾಹಿತಿ ಹಲವು ಕಡೆ ಬರದ ಹಾಗೆ ಟೇಬಲ್ ಒಡೆಯುವುದು, ನಾರ್ಮಲ್ ಫಾರ್ಮ್ ಅದರ ಹಂತಗಳು. ಆ ವ್ಯಾಖ್ಯೆಗಳನ್ನು ಸ್ವಲ್ಪ ಹೊತ್ತು ಬದಿಗಿಡು. ಒಂದು ಹಾಳೆ ತಗೊಂಡು ಒಂದೇ ಒಂದು ವಾಕ್ಯ ಬರೆ: ನನ್ನ ಟೇಬಲಿನ ಒಂದು ಸಾಲು ಅಂದರೆ ಏನು? ನನ್ನ ಕ್ಲಾಸಿನ ಮಕ್ಕಳಿಗೆ ಮೊದಲ ದಿನದಿಂದ ಕೊನೆಯ ವೈವಾ ತನಕ ನಾನು ಕೇಳುವ ಪ್ರಶ್ನೆ ಇದೊಂದೇ. ನಿನ್ನ ಉತ್ತರ ಹೀಗಿರಬಹುದು: 'ಒಂದು ಮೇಳ, ಒಂದು ರಾತ್ರಿ, ಒಂದು ಊರಲ್ಲಿ ಆಡಿದ ಒಂದು ಆಟ.' ಸರಿ. ಈಗ ಪ್ರತಿ ಕಾಲಮಿನ ಮೇಲೂ ಬೆರಳಿಟ್ಟು ಕೇಳು, ಇದು ಆ ಆಟದ ಸಂಗತಿಯೋ, ಬೇರೆ ಯಾರದ್ದೋ ಸಂಗತಿಯೋ?

ತಾರೀಕು ಆಟದ್ದು. ಊರು ಆಟದ್ದು. ಸೇವಾಕರ್ತರ ಫೋನ್? ಅದು ಆಟದ್ದಲ್ಲ, ಸೇವಾಕರ್ತರದ್ದು. ಒಂದು ಮನೆಯವರು ಹತ್ತು ವರ್ಷದಿಂದ ಪ್ರತಿ ವರ್ಷ ಹರಕೆ ಆಟ ಆಡಿಸುತ್ತಿದ್ದರೆ ಅವರ ಫೋನ್ ನಂಬರ್ ನಿನ್ನ ಟೇಬಲಿನಲ್ಲಿ ಹತ್ತು ಸಲ ಇರುತ್ತದೆ. ಅವರು ನಂಬರ್ ಬದಲಿಸಿದರು ಅಂತ ಇಟ್ಟುಕೋ. ನೀನು ಒಂಬತ್ತು ಕಡೆ ತಿದ್ದಿ ಒಂದು ಕಡೆ ಮರೆತೆ. ಇನ್ನು ಮುಂದೆ ಯಾವ ನಂಬರ್ ಸರಿ ಅಂತ ಆ ಟೇಬಲ್ ನೋಡಿ ಹೇಳಲಿಕ್ಕೆ ಯಾರಿಂದಲೂ ಆಗುವುದಿಲ್ಲ. ಇನ್ನೊಂದು ಮನೆಯವರು ಹರಕೆ ಹೇಳಿ ಹೆಸರು ಬರೆಸಿದ್ದಾರೆ, ತಾರೀಕು ಇನ್ನೂ ಸಿಕ್ಕಿಲ್ಲ. ಕೆಲವು ಮೇಳಗಳಲ್ಲಿ ವರ್ಷಗಟ್ಟಲೆ ಕಾಯಬೇಕು ಅಂತ ನಿನಗೇ ಗೊತ್ತು. ಆಟವೇ ಇಲ್ಲದ ಅವರ ಹೆಸರನ್ನು ನಿನ್ನ ಟೇಬಲಿನಲ್ಲಿ ಎಲ್ಲಿ ಬರೆಯುತ್ತೀ? ಜಾಗವೇ ಇಲ್ಲ. ಹಾಗಾಗಿ ಸೇವಾಕರ್ತರಿಗೆ ಬೇರೆ ಟೇಬಲ್, ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತಿನ ನಂಬರ್. ಆಟದ ಸಾಲಿನಲ್ಲಿ ಆ ಗುರುತಿನ ನಂಬರ್ ಒಂದೇ ಸಾಕು, ಅದೇ ಫಾರಿನ್ ಕೀ. ನೀನು ಬಾಯಿಪಾಠ ಮಾಡಿದ ಥರ್ಡ್ ನಾರ್ಮಲ್ ಫಾರ್ಮ್ ಹೇಳುವುದೂ ಇದನ್ನೇ.

ಇನ್ನು ಆ ಹದಿನೈದು ಕಾಲಮ್. 'ಈ ಕಲಾವಿದರು ಈ ಸಲ ಎಷ್ಟು ರಾತ್ರಿ ವೇಷ ಮಾಡಿದ್ದಾರೆ' ಅಂತ ಮಾವ ಕೇಳಿದರೆ ನೀನು ಹದಿನೈದು ಕಾಲಮಿನಲ್ಲೂ ಹುಡುಕಬೇಕು. ಹದಿನಾರನೇ ಕಲಾವಿದ ಬಂದರೆ ಟೇಬಲನ್ನೇ ಬದಲಿಸಬೇಕು. ಕಾಲಮಿನ ಹೆಸರಿನ ಹಿಂದೆ 1, 2, 3 ಅಂತ ನಂಬರ್ ಬಂತು ಅಂದರೆ ಅಲ್ಲಿ ಇನ್ನೊಂದು ಟೇಬಲ್ ಅಡಗಿ ಕೂತಿದೆ ಅಂತಲೇ ಲೆಕ್ಕ. ಅದನ್ನು ಹೊರಗೆ ತೆಗೆ. ಕಲಾವಿದರದ್ದು ಒಂದು ಟೇಬಲ್. ಯಾವ ಆಟದಲ್ಲಿ ಯಾರು ಯಾವ ಪಾತ್ರ ಅನ್ನುವುದಕ್ಕೆ ನಡುವೆ ಇನ್ನೊಂದು.

ಆ ನಡುವಿನ ಟೇಬಲಿನ ಪ್ರೈಮರಿ ಕೀ, ಅಂದರೆ ಒಂದೊಂದು ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಮ್, ಯಾವುದು? ಇಲ್ಲಿ ಸ್ವಲ್ಪ ನಿಲ್ಲೋಣ. ಯಾಕೆಂದರೆ ಪಾಠಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ, ವೇಷ ಕಟ್ಟುವ ಚೌಕಿಯಲ್ಲಿ ಇದೆ. ಆಟದ ನಂಬರ್ ಮತ್ತು ಕಲಾವಿದರ ನಂಬರ್ ಸೇರಿಸಿ ಕೀ ಮಾಡಿದೆ ಅಂತ ಇಟ್ಟುಕೋ. ಒಬ್ಬರೇ ಕಲಾವಿದರು ರಾತ್ರಿ ಮುಂಚೆ ಒಂದು ವೇಷ, ಬೆಳಗಿನ ಜಾವ ಇನ್ನೊಂದು ವೇಷ ಮಾಡಿದರೆ ನಿನ್ನ ಡೇಟಾಬೇಸ್ ಎರಡನೇ ಸಾಲು ತಗೊಳ್ಳುವುದಿಲ್ಲ. ಹಾಗಾದರೆ ಆಟ ಮತ್ತು ಪಾತ್ರ ಸೇರಿಸೋಣವಾ? ಒಂದೇ ಪಾತ್ರವನ್ನು ಪೂರ್ವಾರ್ಧದಲ್ಲಿ ಒಬ್ಬರು, ಉತ್ತರಾರ್ಧದಲ್ಲಿ ಇನ್ನೊಬ್ಬರು ಮಾಡುವುದು ಎಷ್ಟೋ ಸಲ ಉಂಟಲ್ಲ. ಅದೂ ಕೈಕೊಟ್ಟಿತು. ಕೊನೆಗೆ ಆಟ, ಕಲಾವಿದ, ಪಾತ್ರ ಮೂರೂ ಸೇರಿದರೆ ಸರಿ ಕೂರುತ್ತದೆ. 'ಒಂದು ಸಾಲು ಅಂದರೆ, ಒಂದು ಆಟದಲ್ಲಿ ಒಬ್ಬ ಕಲಾವಿದ ಮಾಡಿದ ಒಂದು ಪಾತ್ರ.' ವಾಕ್ಯ ಸರಿಯಾಯಿತು ಅಂದರೆ ಕೀ ಕೂಡ ಸರಿಯಾದ ಹಾಗೆ. ಇದೇ ಟೇಬಲಿನಲ್ಲಿ ನೀನು ಕಲಾವಿದರ ಊರನ್ನೂ ಬರೆದೆ ಅಂತ ಇಟ್ಟುಕೋ. ಊರು ಹೇಳಲಿಕ್ಕೆ ಮೂರು ಭಾಗದ ಕೀಯಲ್ಲಿ ಕಲಾವಿದರ ನಂಬರ್ ಒಂದೇ ಸಾಕಲ್ಲ? ಸೆಕೆಂಡ್ ನಾರ್ಮಲ್ ಫಾರ್ಮ್ ತಪ್ಪುವುದು ಅಲ್ಲಿ.

ಆಟದ ಟೇಬಲಿಗೂ ತಾರೀಕನ್ನೇ ಕೀ ಮಾಡಬೇಡ. ಕಟೀಲು ಕ್ಷೇತ್ರದ ಹೆಸರಿನಲ್ಲೇ ಹಲವು ಮೇಳಗಳು ಒಂದೇ ರಾತ್ರಿ ಬೇರೆ ಬೇರೆ ಊರಲ್ಲಿ ಆಡುತ್ತವೆ. ಮೇಳ ಮತ್ತು ತಾರೀಕು ಎರಡೂ ಬೇಕು. ತಾರೀಕು ಅಂದರೆ ಆಟ ಶುರುವಾದ ದಿನದ್ದು ಅಂತ ಒಂದು ಕಡೆ ಸ್ಪಷ್ಟವಾಗಿ ಬರೆದಿಡು. ಇಡೀ ರಾತ್ರಿಯ ಆಟ ಮುಗಿಯುವುದು ಮರುದಿನ ಬೆಳಿಗ್ಗೆ.

ಇನ್ನೊಂದು ಸಂಗತಿ ಇದೆ, ಇದನ್ನು ನಿನ್ನ ಗೈಡ್ ಕೂಡ ಕೇಳದೇ ಇರಬಹುದು. ಮೇಳದ ತಿರುಗಾಟ ನವೆಂಬರ್ ಹೊತ್ತಿಗೆ ಹೊರಟು ಮೇ ತಿಂಗಳಲ್ಲಿ ಬರುವ ಪತ್ತನಾಜೆ ದಿನಕ್ಕೆ ಮುಗಿಯುತ್ತದೆ. ಅಂದರೆ ಒಂದೇ ತಿರುಗಾಟದ ಒಳಗೆ ಎರಡು ಇಸವಿ. ನೀನು ತಾರೀಕಿನಿಂದ ವರ್ಷ ತೆಗೆದು 'ಗ್ರೂಪ್ ಬೈ' ಅಂತ ವರ್ಷವಾರು ಗುಂಪು ಮಾಡಿದರೆ ಒಂದು ತಿರುಗಾಟ ಎರಡು ತುಂಡಾಗುತ್ತದೆ, ಒಂದು ಇಸವಿಯ ಲೆಕ್ಕದಲ್ಲಿ ಎರಡು ತಿರುಗಾಟ ಸೇರಿಹೋಗುತ್ತದೆ. ಮಾವನಿಗೆ ಆ ಲೆಕ್ಕ ಯಾವ ಉಪಯೋಗಕ್ಕೂ ಇಲ್ಲ. 'ತಿರುಗಾಟ' ಅಂತ ಒಂದು ಚಿಕ್ಕ ಟೇಬಲ್ ಮಾಡು. ಹೊರಟ ದಿನ, ಮುಗಿದ ದಿನ ಬರೆ, ಪ್ರತಿ ಆಟವನ್ನೂ ಅದಕ್ಕೆ ಜೋಡಿಸು.

ಕೊನೆಯದಾಗಿ ಆ ಡೈರಿಯನ್ನೇ ಮತ್ತೊಮ್ಮೆ ನೋಡು. ನಾನು ಹಿಂದೆ ಒಂದು ಮೇಳದ ಬುಕ್ಕಿಂಗ್ ಪುಸ್ತಕ ನೋಡಿದ್ದೆ. ಊರು, ತಾರೀಕು ನೀಲಿ ಪೆನ್ನಿನಲ್ಲಿತ್ತು. ಪ್ರಸಂಗದ ಹೆಸರು ಕೆಲವು ಕಡೆ ಪೆನ್ಸಿಲಿನಲ್ಲಿತ್ತು. ಒಂದೆರಡು ಕಡೆ ಉಜ್ಜಿ ಉಜ್ಜಿ ಕಾಗದವೇ ತೆಳ್ಳಗಾಗಿತ್ತು. ಕೇಳಿದರೆ, 'ಪೆನ್ಸಿಲ್ ಅಂದರೆ ಅವರು ಇನ್ನೂ ನಿಶ್ಚಯ ಮಾಡಿಲ್ಲ ಮೇಡಂ' ಅಂದರು. ಯಾರೂ ಹೆಸರಿಡದ ಒಂದು ಕಾಲಮ್ ಆ ಪೆನ್ಸಿಲಿನಲ್ಲಿ ಇತ್ತು: ಪ್ರಸಂಗ ನಿಶ್ಚಯವಾಗಿದೆಯಾ, ಇಲ್ಲವಾ? ನಿನ್ನ ಮಾವನ ಡೈರಿಯಲ್ಲೂ ಇಂಥದ್ದು ಏನಾದರೂ ಇದ್ದೇ ಇರುತ್ತದೆ. ಕೆಂಪು ಗೆರೆ, ಮಡಚಿದ ಮೂಲೆ, ಬದಿಯಲ್ಲೊಂದು ಚುಕ್ಕಿ. ಪ್ರತಿಯೊಂದಕ್ಕೂ 'ಇದು ಯಾಕೆ' ಅಂತ ಕೇಳು. ಪೀಟರ್ ಚೆನ್ ಅವರು 1976ರಲ್ಲಿ ಕೊಟ್ಟ ಇಆರ್ ಡಯಾಗ್ರಾಮ್, ಅಂದರೆ ಯಾವ ಸಂಗತಿಗೂ ಯಾವುದಕ್ಕೂ ಏನು ಸಂಬಂಧ ಅನ್ನುವ ಚಿತ್ರ, ಬಿಡಿಸುವುದು ಇಷ್ಟೆಲ್ಲ ಕೇಳಿದ ಮೇಲೆ. ಮಾವನ ಮಾತಿನಲ್ಲಿ ಬರುವ ನಾಮಪದಗಳು ಚೌಕ, ಕ್ರಿಯಾಪದಗಳು ವಜ್ರದ ಆಕಾರ ಅಂತ ಹಿಡಿದರೆ ಅರ್ಧ ಚಿತ್ರ ಆದ ಹಾಗೆ.

ಪ್ರಶ್ನೆ: ನಾನು ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ. ಮನೆಯಲ್ಲಿ ತುಳು. ಈಗ ಎಲ್ಲ ಇಂಗ್ಲಿಷ್. ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಬರೆ ಅಂದರೆ ಕೈ ನಡುಗುತ್ತದೆ. ವೇರ್, ಹ್ಯಾವಿಂಗ್ ಎರಡರಲ್ಲಿ ಯಾವುದು ಎಲ್ಲಿ ಬರಬೇಕು ಅಂತ ಪ್ರತಿ ಸಲವೂ ತಪ್ಪುತ್ತದೆ. ಇಂಗ್ಲಿಷ್ ಮಾಧ್ಯಮದವರಿಗೆ ಇದು ಸುಲಭ ಅಲ್ವಾ ಮೇಡಂ?
— ವಿದ್ಯಾರ್ಥಿ, ಹೆಬ್ರಿ

ಉತ್ತರ: ಅಲ್ಲ. ಈ ಒಂದು ವಿಷಯದಲ್ಲಿ ನಿನಗೇ ಅನುಕೂಲ ಜಾಸ್ತಿ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು, ತೋರಿಸುತ್ತೇನೆ.

ಉಡುಪಿ ಬಸ್‌ಸ್ಟ್ಯಾಂಡಿನಿಂದ ಹೊರಡುವ ಬಸ್ಸುಗಳ ಒಂದು ಟೇಬಲ್ ಇದೆ ಅಂತ ಇಟ್ಟುಕೋ. ಒಂದು ಸಾಲು ಅಂದರೆ ಒಂದು ಬಸ್ಸಿನ ಒಂದು ಟ್ರಿಪ್. ಈಗ ನಿನ್ನ ಮಾತಿನಲ್ಲೇ ಕೇಳು: 'ಟ್ರಿಪ್ಪುಗಳ ಪಟ್ಟಿಯಿಂದ, ಬೆಳಿಗ್ಗೆ ಎಂಟರ ನಂತರ ಹೊರಡುವವನ್ನು, ಊರುವಾರು ಗುಂಪು ಮಾಡಿ, ಹತ್ತಕ್ಕಿಂತ ಜಾಸ್ತಿ ಟ್ರಿಪ್ ಇರುವ ಗುಂಪುಗಳನ್ನು ಮಾತ್ರ, ತೋರಿಸು.' ಈ ವಾಕ್ಯವನ್ನು ತುಂಡು ಮಾಡು. ಪಟ್ಟಿಯಿಂದ ಅಂದದ್ದು ಫ್ರಮ್. ಎಂಟರ ನಂತರ ಅಂದದ್ದು ವೇರ್. ಗುಂಪು ಮಾಡಿ ಅಂದದ್ದು ಗ್ರೂಪ್ ಬೈ. ಹತ್ತಕ್ಕಿಂತ ಜಾಸ್ತಿ ಅಂದದ್ದು ಹ್ಯಾವಿಂಗ್. ಕೊನೆಗೆ ಬಂದ 'ತೋರಿಸು' ಸೆಲೆಕ್ಟ್.

ಕ್ವೆರಿ ಬರೆಯುವ ಭಾಷೆಯಾದ ಎಸ್‌ಕ್ಯೂಎಲ್ ಒಂದು ಕ್ವೆರಿಯನ್ನು ಅರ್ಥ ಮಾಡಿಕೊಳ್ಳುವ ಕ್ರಮವೂ ಇದೇ. ಫ್ರಮ್, ವೇರ್, ಗ್ರೂಪ್ ಬೈ, ಹ್ಯಾವಿಂಗ್, ಆಮೇಲೆ ಸೆಲೆಕ್ಟ್. ಬರೆಯುವಾಗ ಮಾತ್ರ ಸೆಲೆಕ್ಟ್ ಮೊದಲು ಬರುತ್ತದೆ, ಯಾಕೆಂದರೆ ಇಂಗ್ಲಿಷಿನಲ್ಲಿ ಅಪ್ಪಣೆ ಕೊಡುವಾಗ ಕ್ರಿಯಾಪದ ಮೊದಲು. 1974ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಇದನ್ನು ಮಾಡಿದಾಗ ಅದರ ಹೆಸರಲ್ಲೇ ಇಂಗ್ಲಿಷ್ ಇತ್ತು: ಸ್ಟ್ರಕ್ಚರ್ಡ್ ಇಂಗ್ಲಿಷ್ ಕ್ವೆರಿ ಲ್ಯಾಂಗ್ವೇಜ್, ಚಿಕ್ಕದಾಗಿ ಸೀಕ್ವೆಲ್. ಟ್ರೇಡ್‌ಮಾರ್ಕ್ ತೊಂದರೆಯಿಂದ ಆಮೇಲೆ ಎಸ್‌ಕ್ಯೂಎಲ್ ಅಂತಾಯಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ತುಳುವಿನಲ್ಲೂ ಹಾಗೆಯೇ. ಹಾಗಾಗಿ ನೀನು ಸಹಜವಾಗಿ ಯೋಚಿಸುವ ಕ್ರಮವೇ ಸರಿಯಾದ ಕ್ರಮ. ಮೊದಲು ಕನ್ನಡದಲ್ಲೋ ತುಳುವಿನಲ್ಲೋ ವಾಕ್ಯ ಬರೆ. ಆಮೇಲೆ ಆ 'ತೋರಿಸು'ವನ್ನು ಎತ್ತಿ ಮೇಲೆ ಇಡು.

ವೇರ್, ಹ್ಯಾವಿಂಗ್ ಗೊಂದಲವೂ ಇದರಲ್ಲೇ ಬಗೆಹರಿಯುತ್ತದೆ. 'ಎಂಟರ ನಂತರ' ಅನ್ನುವುದನ್ನು ಒಂದೇ ಟ್ರಿಪ್ ನೋಡಿ ಹೇಳಬಹುದು. 'ಹತ್ತಕ್ಕಿಂತ ಜಾಸ್ತಿ' ಅನ್ನುವುದನ್ನು ಒಂದು ಟ್ರಿಪ್ ನೋಡಿ ಹೇಳಲಿಕ್ಕೆ ಆಗುವುದಿಲ್ಲ, ಗುಂಪು ಆದ ಮೇಲೆಯೇ ಗೊತ್ತಾಗುವುದು. ಗುಂಪಿಗಿಂತ ಮುಂಚಿನದ್ದು ವೇರ್, ನಂತರದ್ದು ಹ್ಯಾವಿಂಗ್. ಸೆಲೆಕ್ಟಿನಲ್ಲಿ ನೀನು ಇಟ್ಟ ಹೊಸ ಹೆಸರು ವೇರಿನಲ್ಲಿ ಯಾಕೆ ನಡೆಯುವುದಿಲ್ಲ, ಆರ್ಡರ್ ಬೈಯಲ್ಲಿ ಯಾಕೆ ನಡೆಯುತ್ತದೆ ಅನ್ನುವುದಕ್ಕೂ ಈ ಕ್ರಮವೇ ಉತ್ತರ. ವೇರ್ ಓದುವ ಹೊತ್ತಿಗೆ ಆ ಹೆಸರು ಹುಟ್ಟಿಯೇ ಇರುವುದಿಲ್ಲ. ಆರ್ಡರ್ ಬೈ ಬರುವುದು ಸೆಲೆಕ್ಟ್ ಆದ ಮೇಲೆ.

ಕೈ ಪಳಗಲು ಒಂದು ಲೆಕ್ಕ ಕೊಡುತ್ತೇನೆ. ಉಡುಪಿಯಿಂದ ಮಂಗಳೂರಿಗೆ ಹೋಗುವ ಸರ್ವಿಸ್ ಬಸ್ಸಿನ ದಾರಿ ನಿನಗೆ ಗೊತ್ತಿರುತ್ತದೆ: ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ, ಹೆಜಮಾಡಿ, ಮೂಲ್ಕಿ, ಹಳೆಯಂಗಡಿ, ಸುರತ್ಕಲ್, ಪಣಂಬೂರು, ಕೂಳೂರು. 'ನಿಲುಗಡೆ' ಟೇಬಲಿನಲ್ಲಿ ಟ್ರಿಪ್ ನಂಬರ್, ಸ್ಟಾಪ್, ಕ್ರಮಸಂಖ್ಯೆ ಇದೆ. ಕಾಪುವಿನಲ್ಲಿ ಹತ್ತಿ ಸುರತ್ಕಲ್ಲಿನಲ್ಲಿ ಇಳಿಯಲು ಆಗುವ ಟ್ರಿಪ್ ಯಾವುವು? ಎರಡೂ ಸ್ಟಾಪ್ ಇದ್ದರೆ ಸಾಲದು, ಯಾಕೆಂದರೆ ಮಂಗಳೂರಿನಿಂದ ಬರುವ ಬಸ್ಸೂ ಎರಡೂ ಕಡೆ ನಿಲ್ಲುತ್ತದೆ. ಅದೇ ಟೇಬಲನ್ನು ಅದಕ್ಕೇ ಜಾಯಿನ್ ಮಾಡಿ (ಒಂದೇ ಟ್ರಿಪ್ ನಂಬರಿನ ಸಾಲುಗಳನ್ನು ಜೋಡಿಸಿ), ಕಾಪುವಿನ ಕ್ರಮಸಂಖ್ಯೆ ಸುರತ್ಕಲ್ಲಿನದಕ್ಕಿಂತ ಚಿಕ್ಕದು ಅಂತ ಷರತ್ತು ಹಾಕಬೇಕು. ಮೊದಲು ಕನ್ನಡದಲ್ಲಿ ಬರೆ. ಒಂದು ವಾರ ಹೀಗೆ ಮಾಡಿ ನನಗೆ ಮತ್ತೆ ಪತ್ರ ಹಾಕು.

ಪ್ರಶ್ನೆ: ಮಗ ಬಿಇ ಓದುತ್ತಿದ್ದಾನೆ. ಎಸ್‌ಕ್ಯೂಎಲ್ ಅನ್ನುವುದು ಐವತ್ತು ವರ್ಷ ಹಳೆಯದಂತೆ. ಈಗ ಎಐಗೆ ಹೇಳಿದರೆ ಕ್ವೆರಿಯನ್ನು ಅದೇ ಬರೆದುಕೊಡುತ್ತದೆ, ಕಲಿಯುವುದು ಸುಮ್ನೆ ಅನ್ನುತ್ತಾನೆ. ನನಗೆ ಈ ವಿಷಯ ಗೊತ್ತಿಲ್ಲ. ಅವನು ಹೇಳುವುದು ಸರಿಯಾ?
— ಒಬ್ಬ ತಾಯಿ, ಕುಂದಾಪುರ

ಉತ್ತರ: ಅಮ್ಮಾ, ಹಳೆಯದು ಅನ್ನುವುದು ನಿಜ. ಎಡ್ಗರ್ ಕಾಡ್ ಅನ್ನುವವರು 1970ರಲ್ಲಿ ಐಬಿಎಂ ಕಂಪನಿಯ ಸ್ಯಾನ್ ಹೋಸೆ ಲ್ಯಾಬಿನಲ್ಲಿದ್ದಾಗ ಒಂದು ಪ್ರಬಂಧ ಬರೆದರು. ಮಾಹಿತಿಯನ್ನು ಟೇಬಲುಗಳಲ್ಲಿ ಇಡೋಣ, ಕಂಪ್ಯೂಟರಿನ ಒಳಗೆ ಅದು ಎಲ್ಲಿದೆ, ಯಾವ ದಾರಿಯಲ್ಲಿ ಹೋಗಿ ತರಬೇಕು ಅನ್ನುವ ತಲೆನೋವು ಕೇಳುವವರಿಗೆ ಬೇಡ ಅಂತ ಅದರ ತಿರುಳು. 1981ರಲ್ಲಿ ಅವರಿಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಆ ಯೋಚನೆ ಇವತ್ತೂ ನಡೆಯುತ್ತಿದೆ. ನಿಮ್ಮ ಮೊಬೈಲಿನ ವಾಟ್ಸಾಪ್ ಮೆಸೇಜುಗಳು ಇರುವುದೂ ಎಸ್‌ಕ್ಯೂಲೈಟ್ ಅನ್ನುವ ಇಂಥದ್ದೇ ಚಿಕ್ಕ ಡೇಟಾಬೇಸಿನಲ್ಲಿ. ಅದು 2000ನೇ ಇಸವಿಯದು.

ಎಐ ಕ್ವೆರಿ ಬರೆದುಕೊಡುತ್ತದೆ ಅನ್ನುವುದೂ ನಿಜ. ನಾನೂ ನೋಡಿದ್ದೇನೆ, ಚೆನ್ನಾಗಿಯೇ ಬರೆಯುತ್ತದೆ. ಆದರೆ ಮಗನಿಗೆ ಈ ಒಂದು ಲೆಕ್ಕ ತೋರಿಸಿ. ಒಬ್ಬ ವಿದ್ಯಾರ್ಥಿ ಎರಡು ಕಂತಿನಲ್ಲಿ ಫೀಸ್ ಕಟ್ಟಿದ್ದಾನೆ, 10,000 ಮತ್ತು 15,000. ಲೈಬ್ರರಿಯಿಂದ ಮೂರು ಪುಸ್ತಕ ತಗೊಂಡಿದ್ದಾನೆ. 'ಪ್ರತಿ ವಿದ್ಯಾರ್ಥಿ ಕಟ್ಟಿದ ಒಟ್ಟು ಫೀಸ್ ಮತ್ತು ತಗೊಂಡ ಪುಸ್ತಕ ತೋರಿಸು' ಅಂತ ಮೂರು ಟೇಬಲನ್ನೂ ನೇರವಾಗಿ ಜಾಯಿನ್ ಮಾಡಿ ಕೂಡಿಸಿದರೆ ಉತ್ತರ 25,000 ಬರುವುದಿಲ್ಲ, 75,000 ಬರುತ್ತದೆ. ಎರಡು ಕಂತು ಮೂರು ಪುಸ್ತಕದ ಜೊತೆ ಸೇರಿ ಆರು ಸಾಲಾಯಿತು, ಪ್ರತಿ ಕಂತೂ ಮೂರು ಸಲ ಕೂಡಿತು. ಕಂಪ್ಯೂಟರ್ ಯಾವ ಎರರ್ ಕೂಡ ತೋರಿಸುವುದಿಲ್ಲ, ಅಂದವಾದ ಒಂದು ಸಂಖ್ಯೆ ಕೊಟ್ಟು ಸುಮ್ಮನಾಗುತ್ತದೆ. ಫೀಸನ್ನು ಮೊದಲು ಬೇರೆಯಾಗಿ ಕೂಡಿಸಿ ಆಮೇಲೆ ಜಾಯಿನ್ ಮಾಡಬೇಕಿತ್ತು.

ಈ ತಪ್ಪನ್ನು ಮನುಷ್ಯರೂ ಮಾಡುತ್ತಾರೆ, ಎಐ ಕೂಡ ಮಾಡಬಹುದು. 75,000 ನೋಡಿದ ಕೂಡಲೇ 'ನಿಲ್ಲಿ, ಇಲ್ಲಿ ಒಂದು ಸಾಲು ಅಂದರೆ ಏನು' ಅಂತ ಕೇಳುವವರು ಒಬ್ಬರು ಆ ಆಫೀಸಿನಲ್ಲಿ ಇರಬೇಕು. ಇಲ್ಲದಿದ್ದರೆ ಯಾವುದೋ ಮನೆಗೆ ತಪ್ಪು ನೋಟಿಸು ಹೋಗುತ್ತದೆ, ಯಾರದೋ ಸ್ಕಾಲರ್‌ಶಿಪ್ ತಪ್ಪುತ್ತದೆ. ಆ ಒಬ್ಬರು ನಿಮ್ಮ ಮಗ ಆಗಲಿ ಅಂತ ನನ್ನ ಆಸೆ. ಎಐ ಉಪಯೋಗಿಸಲಿ, ಬೇಡ ಅನ್ನಬೇಡಿ. ಅದು ಕೊಟ್ಟ ಕ್ವೆರಿಯನ್ನು ಹತ್ತು ಸಾಲಿನ ಚಿಕ್ಕ ಟೇಬಲ್ ಮೇಲೆ ಓಡಿಸಿ, ಉತ್ತರವನ್ನು ಪೆನ್ನು ಕಾಗದದಲ್ಲಿ ತಾನೇ ಲೆಕ್ಕ ಹಾಕಿ ತಾಳೆ ನೋಡಲಿ.

ಪ್ರಶ್ನೆ: ಚರ್ಚಿನ ಯುವಕರ ಸಂಘಕ್ಕೆ ಸದಸ್ಯರ ಪಟ್ಟಿಯ ಒಂದು ಸಣ್ಣ ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಉಳಿದ ಹೆಸರು ಎಲ್ಲ ಸರಿ ಹೋಗುತ್ತದೆ. ಡಿಸೋಜ, ಡಿಸಿಲ್ವ, ಡಿಕುನ್ಹ ಹಾಕಿದ ಕೂಡಲೇ ಎರರ್. ಸದ್ಯಕ್ಕೆ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಡಿ ಆದ ಮೇಲೆ ಬರುವ ಅಪಾಸ್ಟ್ರಫಿ ತೆಗೆದು ಹಾಕುತ್ತಿದ್ದೇನೆ. ಸಾಕಾ?
— ವಿದ್ಯಾರ್ಥಿ, ಬಿಜೈ, ಮಂಗಳೂರು

ಉತ್ತರ: ಸಾಲದು. ಹೆಸರು ಅವರದ್ದು. ಬ್ಯಾಪ್ಟಿಸಂ ಸರ್ಟಿಫಿಕೇಟಿನಲ್ಲಿ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಬರೆಯುವುದು ನಮ್ಮ ಕೆಲಸ. ನಮ್ಮ ಪ್ರೋಗ್ರಾಮಿಗೆ ಅನುಕೂಲ ಆಗಲಿ ಅಂತ ಒಬ್ಬರ ಮನೆತನದ ಹೆಸರು ತಿದ್ದಬಾರದು.

ಆಗುವುದು ಇಷ್ಟು. ಎಸ್‌ಕ್ಯೂಎಲ್‌ನಲ್ಲಿ ಅಕ್ಷರಗಳನ್ನು ಒಂಟಿ ಕೋಟ್‌ಗಳ ಒಳಗೆ ಬರೆಯುತ್ತೇವೆ. ಅಪಾಸ್ಟ್ರಫಿಯೂ ಅದೇ ಗುರುತು, ಅದು ಕಂಡ ಕೂಡಲೇ ಹೆಸರು ಅಲ್ಲಿಗೇ ಮುಗಿಯಿತು ಅಂತ ಡೇಟಾಬೇಸ್ ಅಂದುಕೊಳ್ಳುತ್ತದೆ, ಉಳಿದ 'ಸೋಜ'ವನ್ನು ಆಜ್ಞೆ ಅಂತ ಓದಲು ಹೋಗಿ ಎಡವುತ್ತದೆ. ಕೈಯಲ್ಲಿ ಟೈಪ್ ಮಾಡುವಾಗ ಅದನ್ನು ಎರಡು ಸಲ ಹಾಕಿದರೆ ಸರಿಯಾಗುತ್ತದೆ. ಪ್ರೋಗ್ರಾಮಿನಲ್ಲಿ ಹಾಗೆ ಮಾಡಬೇಡ. ಕ್ವೆರಿಯಲ್ಲಿ ಹೆಸರಿನ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಬಿಟ್ಟು, ಹೆಸರನ್ನು ಬೇರೆಯಾಗಿ ಕಳಿಸುವ ಕ್ರಮ ಇದೆ, ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಅನ್ನುತ್ತಾರೆ. ಅದನ್ನೇ ಉಪಯೋಗಿಸು. ನಿನ್ನ ಪ್ರೋಗ್ರಾಮಿನಲ್ಲಿ ಡಿಸೋಜ ಅವರ ಹೆಸರು ಎಡವಿದ ಅದೇ ತೂತಿನಿಂದ, ಕೆಟ್ಟ ಉದ್ದೇಶದವರು ಹೆಸರಿನ ಜಾಗದಲ್ಲಿ ಆಜ್ಞೆ ಬರೆದು ಇಡೀ ಪಟ್ಟಿ ಕದಿಯಬಹುದು, ಅಳಿಸಬಹುದು. ಪುಸ್ತಕದಲ್ಲಿ ಎಸ್‌ಕ್ಯೂಎಲ್ ಇಂಜೆಕ್ಷನ್ ಅಂತ ಓದಿರುತ್ತೀಯಲ್ಲ, ಅದು ಇದೇ.

ಪ್ರಶ್ನೆ: ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಕನ್ನಡ ಹೆಸರು ಹಾಕಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಕನ್ನಡಕ್ಕೆ ಸಪೋರ್ಟ್ ಇಲ್ವಾ?
— ವಿದ್ಯಾರ್ಥಿನಿ, ಕಾರ್ಕಳ

ಉತ್ತರ: ಇದೆ ಮಾರಾಯ್ತಿ, ಚೆನ್ನಾಗಿಯೇ ಇದೆ. ನಿನ್ನ ಟೇಬಲ್ ಅಥವಾ ಕನೆಕ್ಷನ್ ಲ್ಯಾಟಿನ್-1 ಅನ್ನುವ ಹಳೆಯ ಅಕ್ಷರಗುಂಪಿನಲ್ಲಿದೆ, ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಎರಡನ್ನೂ ಕನ್ನಡಕ್ಕೂ ಜಾಗ ಇರುವ ಯುಟಿಎಫ್8ಎಂಬಿ4 ಮಾಡು. ಮೈಎಸ್‌ಕ್ಯೂಎಲ್ 8.0ರಿಂದ ಈಚೆಗೆ ಅದೇ ತನ್ನಿಂದ ತಾನೇ ಇರುತ್ತದೆ. ಪ್ರಶ್ನಾರ್ಥಕವಾಗಿ ಸೇವ್ ಆದ ಸಾಲುಗಳಲ್ಲಿ ಮೂಲ ಅಕ್ಷರ ಉಳಿದಿಲ್ಲ, ಅವನ್ನು ಮತ್ತೆ ಟೈಪ್ ಮಾಡಲೇಬೇಕು.

ಕಾಲಮಿನ ಉದ್ದ ಇಡುವಾಗ ಒಂದು ಗಮನ ಇರಲಿ. 'ಲಕ್ಷ್ಮಿ' ಅನ್ನುವ ಹೆಸರು ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಲ, ಕ, ಒಂದು ಅರ್ಧಾಕ್ಷರದ ಗುರುತು, ಷ, ಇನ್ನೊಂದು ಗುರುತು, ಮ, ಗುಡಿಸು, ಒಟ್ಟು ಏಳು. ಒಂದೊಂದಕ್ಕೆ ಮೂರು ಬೈಟ್. ಅಕ್ಷರ ಎಣಿಸುವ 'ಕ್ಯಾರ್ ಲೆಂತ್' ಕೇಳಿದರೆ 7 ಅನ್ನುತ್ತದೆ, ಬೈಟ್ ಎಣಿಸುವ 'ಲೆಂತ್' ಕೇಳಿದರೆ 21 ಅನ್ನುತ್ತದೆ. ಹೆಸರಿಗೆ 20 ಸಾಕು ಅಂತ ಬಿಗಿಯಾಗಿ ಇಡಬೇಡ. 100 ಇಡು.

ಪ್ರಶ್ನೆ: ಇಂಟರ್ನಲ್ಸ್‌ಗೆ ಬಾರದ ವಿದ್ಯಾರ್ಥಿಗೆ ಅಂಕದ ಕಾಲಮಿನಲ್ಲಿ 0 ಹಾಕಬೇಕೋ, ನಲ್ ಬಿಡಬೇಕೋ?
— ವಿದ್ಯಾರ್ಥಿ, ಮಣಿಪಾಲ

ಉತ್ತರ: ಎರಡೂ ಒಂದೇ ಅಲ್ಲ. ಸೊನ್ನೆ ಅಂದರೆ ಬಂದ, ಬರೆದ, ಏನೂ ಬರಲಿಲ್ಲ. ನಲ್ ಅಂದರೆ ಅಂಕವೇ ಇಲ್ಲ. ಮೂವರಿಗೆ 20, 16, 12 ಬಂದು ನಾಲ್ಕನೆಯವನು ಗೈರಾದರೆ, ನಲ್ ಬಿಟ್ಟಾಗ ಸರಾಸರಿ 16. ಸೊನ್ನೆ ಹಾಕಿದರೆ 12. ಸರಾಸರಿ ತೆಗೆಯುವ ಎವಿಜಿ ನಲ್‌ಗಳನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಕ್ಲಾಸ್ ಹೇಗೆ ಬರೆದಿದೆ ಅಂತ ನೋಡಲು 16 ಸರಿ. ಗೈರಾದವರಿಗೂ ಅಂಕ ಕೂಡಿಸುವ ನಿಯಮ ಇದ್ದರೆ 12 ಸರಿ. ನಾನು ಮಾಡುವುದು ಹೀಗೆ: ಅಂಕ ನಲ್, ಜೊತೆಗೆ ಹಾಜರಿಗೆ ಬೇರೆ ಕಾಲಮ್. ಮೇಲಿನ ಪೆನ್ಸಿಲ್ ಕಥೆಯ ಹಾಗೆ ಖಾಲಿ ಯಾಕೆ ಖಾಲಿ ಅನ್ನುವುದನ್ನೂ ಬರೆದಿಡಬೇಕು. ಹುಡುಕುವಾಗ 'ಈಕ್ವಲ್ ಟು ನಲ್' ಬರೆದರೆ ಒಂದು ಸಾಲೂ ಸಿಗುವುದಿಲ್ಲ. 'ಈಸ್ ನಲ್' ಅಂತ ಬರೆ.

ಪ್ರಶ್ನೆ: ಮೊನ್ನೆ ಲ್ಯಾಬಿನಲ್ಲಿ ಒಂದು ಸಾಲು ಅಳಿಸಲು ಹೋಗಿ ಇಡೀ ಟೇಬಲ್ ಖಾಲಿ ಮಾಡಿದೆ. ನಾಲ್ವರ ಗ್ರೂಪಿನ ಪ್ರಾಜೆಕ್ಟ್ ಡೇಟಾ ಅದು. ಸರ್ ಎಲ್ಲರ ಎದುರು ಬೈದರು. ಗ್ರೂಪಿನವರು ಮಾತಾಡುತ್ತಿಲ್ಲ. ಲ್ಯಾಬಿಗೆ ಹೋಗಲಿಕ್ಕೇ ಮನಸ್ಸಾಗುವುದಿಲ್ಲ.
— ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ನಿನ್ನ ಪತ್ರವನ್ನು ಎರಡು ಸಲ ಓದಿದೆ. ನನಗೂ ಹೀಗೇ ಆಗಿದೆ ಮಗು.

ಪಾಠ ಮಾಡಲು ಬರುವ ಮುಂಚೆ ನಾನು ಮಂಗಳೂರಿನ ಒಂದು ಸಣ್ಣ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಒಬ್ಬ ಗ್ರಾಹಕರು ಮನೆ ಬದಲಿಸಿದ್ದರು, ಅವರ ವಿಳಾಸ ತಿದ್ದಬೇಕಿತ್ತು. ಅಪ್‌ಡೇಟ್ ಬರೆದು ಎಂಟರ್ ಒತ್ತಿದೆ. 'ಒಂದು ಸಾಲು ಬದಲಾಯಿತು' ಅಂತ ಬರಬೇಕಾದ ಜಾಗದಲ್ಲಿ ಮೂರು ಸಾವಿರ ಚಿಲ್ಲರೆ ಸಂಖ್ಯೆ ಬಂತು. ವೇರ್ ಬರೆಯಲು ಮರೆತಿದ್ದೆ. ಆಫೀಸಿನ ಎಲ್ಲ ಗ್ರಾಹಕರೂ ಆ ಕ್ಷಣಕ್ಕೆ ಕದ್ರಿಯ ಒಂದೇ ಮನೆಯಲ್ಲಿದ್ದರು. ಫ್ಯಾನಿನ ಕೆಳಗೆ ಕೂತಿದ್ದರೂ ಬೆನ್ನು ಒದ್ದೆಯಾದದ್ದು ನನಗೆ ಈಗಲೂ ನೆನಪಿದೆ. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು. ಆ ದಿನದ ಕೆಲಸ ಮಾತ್ರ ಹೋಯಿತು. ಜೊತೆಗಿದ್ದ ಹಿರಿಯ ಅಕ್ಕ ಒಬ್ಬರು ಏನೂ ಬೈಯಲಿಲ್ಲ. ಓಚರುಗಳ ಕಟ್ಟು ತಂದು ಮೇಜಿನ ಮೇಲಿಟ್ಟು, 'ನಾನು ಓದುತ್ತೇನೆ, ನೀನು ಟೈಪ್ ಮಾಡು' ಅಂದರು. ರಾತ್ರಿ ಒಂಬತ್ತಕ್ಕೆ ಮುಗಿಯಿತು.

ನಿಮ್ಮ ಗ್ರೂಪಿನ ಡೇಟಾ ಪೂರ್ತಿ ಹೋಗಿದೆ ಅಂತ ಈಗಲೇ ನಿರ್ಧಾರ ಮಾಡಬೇಡ. ರೆಕಾರ್ಡ್ ಬುಕ್ಕಿನಲ್ಲಿ ಬರೆದ ಇನ್ಸರ್ಟ್‌ಗಳು ಇವೆಯಾ ನೋಡು. ಯಾರಾದರೂ ಫೈಲ್ ಮೇಲ್ ಮಾಡಿಕೊಂಡಿರಬಹುದು, ಕೇಳು. ಮತ್ತೆ ಟೈಪ್ ಮಾಡುವುದೇ ಆದರೆ, ನೀನೇ ಮೊದಲು ಕೀಬೋರ್ಡ್ ಎದುರು ಕೂತುಕೋ, ಓದಿ ಹೇಳಲು ಒಬ್ಬರನ್ನು ಕರೆ. ಅವರು ಬರುತ್ತಾರೆ.

ಇನ್ನು ಮುಂದೆ ಅಳಿಸುವ, ತಿದ್ದುವ ಮುಂಚೆ ಅದೇ ವೇರ್ ಹಾಕಿ ಸೆಲೆಕ್ಟ್ ಮಾಡಿ ನೋಡು. ಎಷ್ಟು ಸಾಲು ಬಂತು ಅಂತ ಎಣಿಸು. ಒಂದು ಬರಬೇಕಾದ ಕಡೆ ಒಂದೇ ಬಂದರೆ ಮುಂದೆ ಹೋಗು. ಮೈಎಸ್‌ಕ್ಯೂಎಲ್ ತನ್ನಷ್ಟಕ್ಕೆ ಪ್ರತಿ ಆಜ್ಞೆಯನ್ನೂ ಅಲ್ಲಿಯೇ ಖಾಯಂ ಮಾಡಿಬಿಡುತ್ತದೆ. ಮಾಡಿದ್ದನ್ನು ವಾಪಸ್ ತೆಗೆಯುವ ರೋಲ್‌ಬ್ಯಾಕ್ ನಿನ್ನ ಕೈಗೆ ಸಿಗದೇ ಹೋದದ್ದು ಅದಕ್ಕೇ ಇರಬೇಕು. ಮೈಎಸ್‌ಕ್ಯೂಎಲ್ ವರ್ಕ್‌ಬೆಂಚಿನಲ್ಲಿ, ಕೀ ಹಿಡಿದು ವೇರ್ ಹಾಕದೆ ತಿದ್ದಲು ಹೋದಾಗ ಎರರ್ 1175 ಬಂದರೆ, ಕಿರಿಕಿರಿ ಅಂತ ಆ ಸೇಫ್ ಅಪ್‌ಡೇಟ್ ಆಯ್ಕೆ ತೆಗೆಯಬೇಡ. ನನಗೆ ಅವತ್ತು ಸಿಗದ ತಡೆ ಅದು.

ಮುಂದಿನ ಲ್ಯಾಬಿಗೆ ಹೋಗು. ಹತ್ತು ಸಾಲಿನ ಒಂದು ಟೇಬಲ್ ಮಾಡು. 'ಸ್ಟಾರ್ಟ್ ಟ್ರಾನ್ಸಾಕ್ಷನ್' ಕೊಡು, ಆಮೇಲಿನ ಬದಲಾವಣೆ ಕೂಡಲೇ ಖಾಯಂ ಆಗುವುದಿಲ್ಲ. ಬೇಕಂತಲೇ, ವೇರ್ ಇಲ್ಲದೆ ಡಿಲೀಟ್ ಮಾಡು. ಡಿಲೀಟ್ ಮಾತ್ರ, ಡ್ರಾಪ್ ಅಥವಾ ಟ್ರಂಕೇಟ್ ಬೇಡ, ಮೈಎಸ್‌ಕ್ಯೂಎಲ್‌ನಲ್ಲಿ ಅವೆರಡೂ ವಾಪಸ್ ಬರುವುದಿಲ್ಲ. ಸೆಲೆಕ್ಟ್ ಮಾಡಿ ಖಾಲಿ ಟೇಬಲನ್ನು ಒಂದು ನಿಮಿಷ ಸರಿಯಾಗಿ ನೋಡು. ಆಮೇಲೆ ರೋಲ್‌ಬ್ಯಾಕ್ ಕೊಟ್ಟು, ಮತ್ತೆ ಸೆಲೆಕ್ಟ್ ಮಾಡಿ, ಹತ್ತು ಸಾಲೂ ಬಂದಿದೆಯಾ ಅಂತ ಎಣಿಸು.